ಮಾವನ ಮೂರು ರೌಂಡು

ಆಗ ನಮ್ಮ ಹೆಮ್ಮಿಗೆಗೆ ಹೊರಗಿನ ಪ್ರಪಂಚದ ಸುದ್ದಿ ಬೆಲ್ಲದ ಜೊತೆ ಬರುತ್ತಿತ್ತು. ತಿ. ನರಸೀಪುರದ ಅಂಗಡಿಯವರು ಬೆಲ್ಲ, ಬೇಳೆ, ಕೊಬ್ಬರಿ ಕಟ್ಟಿಕೊಡುತ್ತಿದ್ದ ಹಳೆಯ ಪೇಪರನ್ನು ಅವ್ವ ಸುಕ್ಕು ಬಿಡಿಸಿ ಗೂಡಿನಲ್ಲಿ ಮಡಚಿ ಇಡುತ್ತಿದ್ದಳು. ಓದುವುದಕ್ಕಲ್ಲ, ಒಲೆ ಹೊತ್ತಿಸುವುದಕ್ಕೆ. ಒಲೆಗೆ ಹೋಗುವ ಮೊದಲು ನಾನೂ ನನ್ನ ತಮ್ಮ ಶಿವುವೂ ಅವನ್ನು ಓದಿಬಿಡುತ್ತಿದ್ದೆವು. ಎಲ್ಲ ಅರ್ಧರ್ಧ ಸುದ್ದಿ. ಯಾರೋ ಮಂತ್ರಿ ಎಲ್ಲಿಗೋ ಹೊರಟಿದ್ದಾನೆ, ತಲುಪಿದನೋ ಇಲ್ಲವೋ ಎನ್ನುವ ಕಡೆ ಬೆಲ್ಲದ ಕಲೆ. ಅಂಥ ಕಾಲದಲ್ಲಿ, ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ಬೇಸಿಗೆಯಲ್ಲಿ, ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದ ಒಬ್ಬ ಬಾಕ್ಸರನ ಇಡೀ ಜೀವನ ನಮ್ಮ ಹಿತ್ತಲಿಗೆ ಬಂದು ಇಳಿಯಿತು. ತಂದವನು ನನ್ನ ಸೋದರಮಾವ ಮಾದೇವ.

ಮಾವ ಹದಿನೆಂಟಕ್ಕೆ ಮಿಲಿಟರಿ ಸೇರಿದವನು. ನಾವು ಹುಟ್ಟಿದ ಮೇಲೆ ರಜದಲ್ಲಿ ಒಂದೆರಡು ಸಲ ಬಂದು ಹೋಗಿದ್ದನಷ್ಟೆ. ಅವನ ಅಪ್ಪ ಅವ್ವ ಇಬ್ಬರೂ ತೀರಿಕೊಂಡಿದ್ದರು, ಹಾಗಾಗಿ ಅಕ್ಕನ ಮನೆಯೇ ಅವನಿಗೆ ಮನೆ. ಆ ಸಲ ಬಸ್ಸಿಳಿದು ಬಂದಾಗ ಹೆಗಲ ಮೇಲೆ ಕರಿ ಬಣ್ಣದ ತಗಡಿನ ಟ್ರಂಕು ಹೊತ್ತಿದ್ದ. ಮುಚ್ಚಳ ತೆರೆದರೆ ಬೂಟ್ ಪಾಲಿಶ್, ನೀಲಗಿರಿ ಎಣ್ಣೆ, ಹಳೆಯ ಚರ್ಮ ಮೂರೂ ಬೆರೆತ ವಾಸನೆ ಗಪ್ಪೆಂದು ಮೂಗಿಗೆ ಬಡಿಯುತ್ತಿತ್ತು. ಒಳಗೆ ಎರಡು ಜೊತೆ ದಪ್ಪ ಕೈಚೀಲಗಳಂಥವು ಇದ್ದವು. ಅವಕ್ಕೆ ಗ್ಲೌಸ್ ಎನ್ನುತ್ತಾರೆಂದು ಅವತ್ತೇ ತಿಳಿದದ್ದು.

"ಎಷ್ಟು ದಿನ ರಜಾ ಮಾದೇವ?" ಎಂದು ಅಪ್ಪ ಕೇಳಿದ.

"ಇನ್ಮೇಲೆ ಬರೀ ರಜಾನೇ ಬಾವ," ಎಂದ ಮಾವ. ಆ ದನಿ ಕೇಳಿ ಅಪ್ಪ ಮುಂದಕ್ಕೆ ಕೇಳಲಿಲ್ಲ.

ಅವನಿಗೆ ಕೂರಲು ಬರುತ್ತಿರಲಿಲ್ಲ. ಮುದ್ದೆ ಉಣ್ಣುವಾಗ ಕೂಡ ಒಂದು ಮೊಣಕಾಲು ಮೇಲಕ್ಕಿಟ್ಟು, ಯಾರಾದರೂ ಕರೆದರೆ ಒಂದೇ ನೆಗೆತಕ್ಕೆ ಏಳುವವನಂತೆ ಕೂರುತ್ತಿದ್ದ. ಉಂಡ ಮೇಲೆ ನಡುಮನೆಯಿಂದ ಹಿತ್ತಲಿಗೆ, ಹಿತ್ತಲಿಂದ ಬೀದಿಗೆ, ಬೀದಿಯಿಂದ ಮತ್ತೆ ನಡುಮನೆಗೆ. "ಒಂದ್ಕಡೆ ಕೂತ್ಕಳ್ಳೋ ಮಾದೇವ, ನೀನ್ ತಿರುಗೋದ್ ನೋಡಿ ನಂಗೇ ತಲೆ ಸುತ್ತು ಬತ್ತದೆ," ಎಂದು ಅವ್ವ ರೇಗುತ್ತಿದ್ದಳು. ಬೆಳಗ್ಗೆ ಕೋಳಿ ಕೂಗುವ ಮೊದಲೇ ಎದ್ದು ನಾಲೆ ಏರಿಯ ಮೇಲೆ ಓಡುತ್ತಿದ್ದ. ಗದ್ದೆಗೆ ನೀರು ಕಟ್ಟಲು ಹೋದವರು ಸುಮ್ಮನೆ ಬಿಡುತ್ತಿರಲಿಲ್ಲ.

"ಯಾಕ್ಲಾ ಮಾದೇವ, ಬಸ್ ತಪ್ಪೋಯ್ತಾ?"

"ನಾಯಿ ಅಟ್ಟುಸ್ಕಂಡ್ ಬತ್ತಾ ಅದೇನ್ಲಾ?"

ಮಾವ ನಗುತ್ತಲೇ ಓಡುತ್ತಿದ್ದ. ಮೂರನೆಯ ದಿನಕ್ಕೆ ನಾನೂ ಶಿವುವೂ ಅವನ ಹಿಂದೆ ಓಡಲು ಶುರು ಮಾಡಿದೆವು. ಪರೀಕ್ಷೆ ಮುಗಿದಿತ್ತು. ನಾನು ಐದನೇ ಕ್ಲಾಸು ಮುಗಿಸಿದ್ದೆ, ಶಿವು ಮೂರು. ಬೇಸಿಗೆಯ ಬೆಳಗಿನಲ್ಲಿ ಏರಿಯ ಮಣ್ಣು ತಣ್ಣಗಿರುತ್ತಿತ್ತು. ಒಂದು ಕಡೆ ಕಬ್ಬಿನ ಗರಿ, ಇನ್ನೊಂದು ಕಡೆ ನೀರು, ಮುಂದೆ ಮಾವನ ಬಿಳಿ ಬನೀನು. ಏರಿ ಇಳಿದರೆ ಹೊಳೆ. ಮರಳಿನಲ್ಲಿ ಓಡಿದರೆ ಕಾಲು ಹೂತು ತೊಡೆ ಉರಿಯುತ್ತಿತ್ತು. "ಇದೇ ಬೇಕಾಗಿರೋದು," ಎನ್ನುತ್ತಿದ್ದ ಮಾವ. "ಬಾಕ್ಸಿಂಗ್ ಅಂದ್ರೆ ಕೈಯಿ ಅಂತ ತಿಳ್ಕಂಡವ್ರೆ ಎಲ್ಲ. ಅಲ್ಲ. ಕಾಲು."

ಒಂದು ದಿನ ಗೋಣಿಚೀಲಕ್ಕೆ ಭತ್ತದ ಹೊಟ್ಟು ತುಂಬಿ, ನಡುವೆ ಒಂದಿಷ್ಟು ಮರಳು ಸುರಿದು, ಬಾಯಿ ಹೊಲಿದು, ಹಿತ್ತಲಿನ ಹುಣಸೆಮರಕ್ಕೆ ನೇತು ಹಾಕಿದ. ಅವ್ವನ ಹಳೆ ಸೀರೆಯೊಂದನ್ನು ಉದ್ದಕ್ಕೆ ಹರಿದು ನಮ್ಮ ಕೈಗೆ ಪಟ್ಟಿ ಸುತ್ತಿದ. ಹೆಬ್ಬೆಟ್ಟು ಒಳಗೆ ಮಡಚಬಾರದು ಎನ್ನುವುದು ಮೊದಲ ಪಾಠ.

"ಎಡಗಾಲು ಮುಂದೆ ಮಡಗು. ಗದ್ದ ಒಳೀಕೆ ಎಳ್ಕೊ. ಆಂ, ಈಗ ಒಡಿ."

ನಾನು ಹೊಡೆದೆ. ಚೀಲ ಅಲ್ಲಾಡಲಿಲ್ಲ.

"ಯಾರ್ನೋ ತಟ್ಟಿ ಮಲಗಿಸ್ದಂಗೆ ಒಡೀಬೇಡ ಕಣವ್ವ. ಜೋರಾಗ್ ಒಡಿ."

ಮತ್ತೆ ಹೊಡೆದೆ. ಗೆಣ್ಣು ಚುರುಗುಟ್ಟಿತು, ಚೀಲದಿಂದ ಹೊಟ್ಟಿನ ಧೂಳು ಎದ್ದು ಮೂಗಿಗೆ ಹೋಗಿ ಸೀನು ಬಂತು. ಮಾವ ಚಪ್ಪಾಳೆ ತಟ್ಟಿದ. ಹುಡುಗಿಗೆ ಇದೆಲ್ಲ ಯಾಕೆಂದು ಅವ್ವ ಗೊಣಗಿದಳು. ಅಪ್ಪ ಮಾತ್ರ, "ಆಡ್ಲಿ ಬುಡು, ಬಿಸ್ಲಲ್ಲಿ ಮಾವಿನ ಮರ ಅತ್ತೋದ್ಕಿಂತ ವಾಸಿ," ಎಂದು ಸುಮ್ಮನಾದ.

ಪಟ್ಟಿ ಬಿಚ್ಚಿ, ಗೆಣ್ಣಿಗೆ ಮಾವ ನೀಲಗಿರಿ ಎಣ್ಣೆ ಹಚ್ಚುವ ಹೊತ್ತಿಗೆ ಕಥೆ ಶುರುವಾಗುತ್ತಿತ್ತು. ಒಬ್ಬನದೇ ಕಥೆ. ಆ ಬಾಕ್ಸರನ ಹೆಸರು ನಮ್ಮ ನಾಲಿಗೆಗೆ ಹೊರಳುತ್ತಿರಲಿಲ್ಲವಾದ್ದರಿಂದ ನಾವು ಅವನನ್ನು ಚಿನ್ನದಣ್ಣ ಎಂದು ಕರೆದೆವು. ಸಮುದ್ರದಾಚೆ ಯಾವುದೋ ಬಂದರಿನ ಊರು ಅವನದು. ತಾಯಿ ಬೇರೆಯವರ ಮನೆಯ ಬಟ್ಟೆ ಒಗೆಯುತ್ತಿದ್ದಳು. ಬಾಕ್ಸಿಂಗ್ ಕಲಿಯುವ ಜಾಗದಲ್ಲಿ ಸಂಜೆ ಬಿಸಿ ಗಂಜಿ ಕೊಡುತ್ತಾರೆಂದು ಕೇಳಿ ಹುಡುಗ ಅಲ್ಲಿಗೆ ಹೋಗಿದ್ದ, ಹೊಡೆದಾಡುವ ಆಸೆಯಿಂದಲ್ಲ. ಮೊದಲ ಪಂದ್ಯದಲ್ಲಿ ಸೋತು ಎಲ್ಲರ ಮುಂದೆ ಅತ್ತುಬಿಟ್ಟ. ಎರಡನೆಯದರಲ್ಲೂ ಸೋತ.

"ಮತ್ತೆ ಯಾಕ್ ಬುಡ್ನಿಲ್ಲ?" ಎಂದು ಶಿವು ಕೇಳಿದ.

"ಗಂಜಿ ಚೆನ್ನಾಗಿತ್ತು ಕಣ್ಲಾ," ಎಂದ ಮಾವ.

ಆಮೇಲೆ ಅವನು ಬೆಳೆದ. ಬೆಳೆದ ಎಂದರೆ ದೊಡ್ಡ ಆಳಾಗಲಿಲ್ಲ, ಮಾವನಷ್ಟೇ ಇದ್ದ. ಅರವತ್ತು ಕೇಜಿ. ಒಲಿಂಪಿಕ್ಸಿಗೆ ಎರಡು ವರ್ಷ ಮೊದಲು ಅವನ ದೇಶದ ತಂಡ ಇಲ್ಲಿಗೆ ಸ್ನೇಹದ ಪಂದ್ಯಗಳಿಗೆ ಬಂದಿತ್ತಂತೆ. ಪುಣೆಯ ಮಿಲಿಟರಿ ಮೈದಾನದಲ್ಲಿ ಅವನಿಗೆ ಎದುರಾಗಿ ನಿಂತವನು ನಮ್ಮ ಮಾವ. ಮೂರು ರೌಂಡು. ಮಾವ ಪಾಯಿಂಟಿನ ಮೇಲೆ ಸೋತ.

"ಆದ್ರೆ ಬೀಳ್ನಿಲ್ಲ," ಎನ್ನುತ್ತಿದ್ದ ಪ್ರತಿ ಸಲವೂ. "ಮೂರೂ ರೌಂಡು ನಿಂತಿದ್ದೆ. ಕೊನೇಲಿ ನನ್ನ ತಬ್ಕಂಡು ಏನೋ ಅಂದ. ಅವ್ನ ಭಾಷೆ, ನಂಗ್ ತಿಳೀನಿಲ್ಲ."

ಊರಿನಲ್ಲಿ ಯಾರೂ ಇದನ್ನು ನಂಬಲಿಲ್ಲ. ನಾವಿಬ್ಬರು ಪೂರ್ತಿ ನಂಬಿದೆವು. ಅವನು ತಬ್ಬಿಕೊಂಡು ಏನು ಹೇಳಿರಬಹುದೆಂದು ರಾತ್ರಿ ಚಾಪೆಯ ಮೇಲೆ ವಾದ ಮಾಡುತ್ತಿದ್ದೆವು. ಹಸಿವಾಗಿದೆ ಎಂದಿರುತ್ತಾನೆ ಎಂಬುದು ಶಿವುವಿನ ವಾದ.

ಒಲಿಂಪಿಕ್ಸಿನ ಕಥೆಯಿಂದ ನಮ್ಮ ಮನೆಯಲ್ಲಿ ರಂಪವೇ ಆಯಿತು. ಕೊನೆಯ ಪಂದ್ಯದ ಮೊದಲ ರೌಂಡಿನಲ್ಲೇ ಚಿನ್ನದಣ್ಣನ ಬಲಗೈಯ ಮೂಳೆ ಮುರಿಯಿತು. ಅವನು ಯಾರಿಗೂ ಹೇಳಲಿಲ್ಲ. ಮುಖದಲ್ಲಿ ಕೂಡ ತೋರಿಸಲಿಲ್ಲ. ಉಳಿದ ಎರಡು ರೌಂಡನ್ನು ಎಡಗೈ ಒಂದರಲ್ಲೇ ಆಡಿ ಚಿನ್ನ ಗೆದ್ದ. ಮರುದಿನ ನಾನೂ ಶಿವುವೂ ಬಲಗೈಯನ್ನು ಸೊಂಟಕ್ಕೆ ಕಟ್ಟಿಕೊಂಡೆವು. ಎಡಗೈಯಲ್ಲಿ ಚೀಲ ಹೊಡೆದೆವು, ಎಡಗೈಯಲ್ಲಿ ನೀರು ಸೇದಿದೆವು, ಮಧ್ಯಾಹ್ನ ತಟ್ಟೆಯ ಮುಂದೆ ಕೂತು ಎಡಗೈಯಲ್ಲೇ ಮುದ್ದೆ ಮುರಿದು ಬಸ್ಸಾರಿಗೆ ಅದ್ದಿದೆವು.

ಅವ್ವ ಸೌಟು ಎತ್ತಿದಳು. "ಎಡಗೈಲಿ ಉಣ್ತಾವಲ್ಲಪ್ಪೋ ಇವು! ಅನ್ನಕ್ಕೂ ಮರ್ವಾದಿ ಇಲ್ವಾ? ಮಾದೇವಾ, ಇದ್ನೆಲ್ಲಾ ಯಾವೋನ್ಲಾ ಕಲಿಸ್ದೋನು?"

"ನಾನಲ್ಲ ಕಣಕ್ಕ, ಒಲಿಂಪಿಕ್ಸು," ಎಂದು ಮಾವ ಹಿತ್ತಲಿಗೆ ಓಡಿದ. ಅವ್ವನಿಗೂ ನಗು ತಡೆಯಲಾಗಲಿಲ್ಲ. ಆ ಬೇಸಿಗೆಯಲ್ಲಿ ಅವಳು ಬಾಯಿ ತುಂಬ ನಕ್ಕದ್ದು ನನಗೆ ನೆನಪಿರುವುದು ಅದೊಂದೇ ಸಲ.

ಏಪ್ರಿಲ್ ಹೊತ್ತಿಗೆ ಮಾವ ನಮ್ಮ ಜೊತೆ ಗ್ಲೌಸು ಹಾಕಿ ಆಡಲು ಶುರು ಮಾಡಿದ. ಅವನು ಮೊಣಕಾಲೂರಿ ನಿಲ್ಲುತ್ತಿದ್ದ, ನಾವು ಹೊಡೆಯಬೇಕು. ಶಿವುವಿನ ಒಂದು ಏಟೂ ತಾಗುತ್ತಿರಲಿಲ್ಲ. ನನ್ನ ಎಡಗೈಯ ಏಟನ್ನೂ ಮಾವ ನೊಣ ಓಡಿಸಿದಂತೆ ತಳ್ಳಿಬಿಡುತ್ತಿದ್ದ. ಆದರೆ ಬಲಗೈ ಬೀಸಿದರೆ, ಅದು ನೇರ ಹೋಗಿ ಅವನ ಎಡಗೆನ್ನೆಗೆ ಕೂರುತ್ತಿತ್ತು. ಹತ್ತಕ್ಕೆ ಹತ್ತು ಸಲವೂ. ನನ್ನ ಜಂಭ ಕೇಳಬೇಡಿ. ನಾಲೆಯಲ್ಲಿ ಪಾತ್ರೆ ತೊಳೆಯುವಾಗ, ಹುಣಸೆಹಣ್ಣು ಬಿಡಿಸುವಾಗ, ಮನಸ್ಸೆಲ್ಲ ಆ ಬಲಗೈಯ ಮೇಲೆಯೇ ಇರುತ್ತಿತ್ತು. ಮುಂದೆ ಒಲಿಂಪಿಕ್ಸಿಗೆ ಹೋಗುವುದೆಂದು ನಿರ್ಧಾರ ಮಾಡಿದ್ದೆ. ಹುಡುಗಿಯರನ್ನು ಅಲ್ಲಿ ಬಾಕ್ಸಿಂಗಿಗೆ ಸೇರಿಸುವುದೇ ಇಲ್ಲವೆಂದು ಮಾವ ನನಗೆ ಹೇಳಲಿಲ್ಲ.

ಮಾವ ಪೇಪರ್ ನೋಡಲು ದಿನಾ ನರಸೀಪುರಕ್ಕೆ ಹೋಗುತ್ತಿದ್ದ. ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಒಂದು ಟೀಗೆ ಇಡೀ ಪೇಪರು ಓದಬಹುದಿತ್ತು. ಒಂದು ದಿನ ಹಿಂದಿರುಗಿದವನು ಚಪ್ಪಲಿ ಬಿಡದೆ ನಡುಮನೆಗೆ ಬಂದ.

"ಅವ್ನು ಮತ್ತೆ ಇಳೀತಾನಂತೆ!"

ಒಲಿಂಪಿಕ್ಸ್ ಆದ ಮೇಲೆ ಚಿನ್ನದಣ್ಣ ದುಡ್ಡಿನ ಪಂದ್ಯಗಳಿಗೆ ಇಳಿದು ಪ್ರಪಂಚದ ಬೆಲ್ಟು ಗೆದ್ದಿದ್ದ. ತಾಯಿಗೆ ಮನೆ ಕಟ್ಟಿಸಿದ್ದ. ಆಮೇಲೆ ಬೆಲ್ಟು ಕಳೆದುಕೊಂಡು, ಸಾಕೆಂದು ಬಿಟ್ಟು, ಅದೇ ಬಂದರಿನಲ್ಲಿ ಅಂಗಡಿ ಇಟ್ಟುಕೊಂಡಿದ್ದ. ಇದನ್ನೆಲ್ಲ ಮಾವ ನಮಗೆ ಆಗಲೇ ಹೇಳಿದ್ದ. ಕಥೆ ಮುಗಿಯಿತೆಂದು ನಾವು ತಿಳಿದಿದ್ದೆವು. ಈಗ ಅಂಗಡಿ ಮುಚ್ಚಿ, ತನಗಿಂತ ಹತ್ತು ವರ್ಷ ಚಿಕ್ಕವನ ಮೇಲೆ ಮತ್ತೆ ರಿಂಗಿಗೆ ಇಳಿಯುತ್ತಾನಂತೆ. ಮೇ ತಿಂಗಳ ಕೊನೆಯಲ್ಲಿ.

ಅವತ್ತಿನಿಂದ ಮಾವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬೆಳಗ್ಗೆ ಒಂದು ಸಲ ಓಡುತ್ತಿದ್ದವನು ಸಂಜೆಯೂ ಓಡತೊಡಗಿದ. ಚೀಲ ಒಡೆದು ಹೊಟ್ಟು ಸುರಿದು, ಮತ್ತೆ ಹೊಲಿದು ಮತ್ತೆ ಹೊಡೆದ. ಬನ್ನೂರಿನ ಕಡೆಯಿಂದ ಅವನಿಗೊಂದು ಹೆಣ್ಣಿನ ಮಾತು ಬಂದಿತ್ತು. ನೋಡಲು ಹೋಗುವ ದಿನ ಹೊಳೆಯಾಚೆ ಓಡಲು ಹೋದವನು ಬಿಸಿಲು ಏರಿದ ಮೇಲೆ ಬಂದ. ಅವ್ವ ಅತ್ತಳು. ಅಪ್ಪ, "ನಂಜನಗೂಡ್ ಕಡೆ ಮಿಲ್ಲಲ್ಲಿ ಕೆಲ್ಸ ಕೇಳು, ವಸಿ ಮನಸ್ ನಿಲ್ತದೆ," ಎಂದು ಕಳಿಸಿದ.

ಮಿಲ್ಲಿನಲ್ಲಿ ಕೆಲಸವಿಲ್ಲ ಎಂದರಂತೆ. ಪಕ್ಕದ ಹೋಟೆಲಿನಲ್ಲಿ ಟೀ ಕುಡಿಯುತ್ತ ಮಾವ ಚಿನ್ನದಣ್ಣನ ವಿಷಯ ಎತ್ತಿದ್ದಾನೆ. ಅಲ್ಲಿ ಪೈಲ್ವಾನ್ ಕೆಂಪಣ್ಣ ಕೂತಿದ್ದರು. ನಂಜನಗೂಡಿನ ಗರಡಿಯ ದೊಡ್ಡ ಆಳು. ಕಿವಿ ಎರಡೂ ಮುದುಡಿ ಒಣ ನೆಲ್ಲಿಕಾಯಿಯಾಗಿದ್ದವು, ತೋಳು ಬಾಳೆ ದಿಂಡಿನ ಹಾಗೆ. ಅವರು ನಕ್ಕರಂತೆ. "ಅರ್ವತ್ ಕೇಜಿ ಆಳು ಪ್ರಪಂಚ ಗೆದ್ನಾ? ನಮ್ ಗರಡೀಲಿ ಅಂತೋನ್ನ ನೀರ್ ಸೇದಾಕೆ ಮಡೀಕತೀವಿ." ಹೋಟೆಲೆಲ್ಲ ನಕ್ಕಿತು. ಮಾವ ಎದ್ದು ನಿಂತು, "ಅಂಗಾದ್ರೆ ನೀವೇ ಬನ್ನಿ. ಮೂರು ರೌಂಡು," ಎಂದುಬಿಟ್ಟ.

"ನೂರ್ ಕೇಜಿ ಆಳ್ ಮ್ಯಾಲೆ ಓಯ್ತೀಯೇನೋ?" ಎಂದು ಅವ್ವ ಕೇಳಿದಳು. "ಯಾಕೋ? ಯಾರ್ಗೆ ತೋರ್ಸಾಕೆ?"

"ಅಕ್ಕಾ, ಒಂದೇ ಒಂದ್ಸಲ. ನಾನ್ ಏಳಿದ್ದೆಲ್ಲ ಸುಳ್ಳು ಅಂತಾರಲ್ಲ, ಅಷ್ಟಕ್ಕೆ."

"ಏಳ್ಕಳ್ಳಿ ಬುಡು. ನೋಯೋದು ಅವ್ರ ಬಾಯಿ, ನಿಂಗೇನು?"

ಆದರೂ ಆ ಭಾನುವಾರ ನಾವೆಲ್ಲ ನಂಜನಗೂಡಿನ ಬಸ್ಸು ಹತ್ತಿದೆವು. ಬರುವುದಿಲ್ಲ ಎಂದಿದ್ದ ಅವ್ವನೂ ಕೊನೆ ಗಳಿಗೆಯಲ್ಲಿ ಸೀರೆ ಬದಲಾಯಿಸಿಕೊಂಡು ಬಂದಳು. ಕಪಿಲೆಯ ದಂಡೆಯ ಮರಳಿನಲ್ಲಿ ನಾಲ್ಕು ಸರ್ವೆ ಮರದ ಗಳ ನೆಟ್ಟು, ಗಾಡಿ ಹಗ್ಗ ಸುತ್ತಿ ಕಟ್ಟಿದ್ದರು. ಮಧ್ಯಾಹ್ನ ಇಳಿಯುವ ಹೊತ್ತು. ಹೊಳೆಯ ಪಾಚಿ ವಾಸನೆ, ಹುರಿಗಡಲೆ ಪುರಿ ಮಾರುವವನು, ಹಗ್ಗದ ಸುತ್ತ ಸಂತೆಯಷ್ಟು ಜನ. ಕೈಗಡಿಯಾರ ಇದ್ದದ್ದು ಹೋಟೆಲಿನ ಯಜಮಾನರಿಗೆ, ಆದ್ದರಿಂದ ಅವರೇ ತೀರ್ಪುಗಾರರು. ಕೆಂಪಣ್ಣನವರ ಕೈ ಗ್ಲೌಸಿನೊಳಗೆ ಹೋಗಲೇ ಇಲ್ಲ. ಅರ್ಧಕ್ಕೆ ತೂರಿಸಿ ತೆಂಗಿನ ಹುರಿಯಲ್ಲಿ ಬಿಗಿದರು. ಅವ್ವ ಸ್ನಾನಘಟ್ಟದ ಮೆಟ್ಟಿಲ ಮೇಲೆ ಕೂತು, ತಲೆಯ ಮೇಲೆ ಸೆರಗೆಳೆದುಕೊಂಡು, ಹೊಳೆಯ ಕಡೆಗೆ ಮುಖ ಮಾಡಿದಳು.

ಮೊದಲ ರೌಂಡು ನನ್ನ ಜೀವನದಲ್ಲಿ ನಾನು ಕಂಡ ಅತ್ಯಂತ ಚಂದದ ದೃಶ್ಯಗಳಲ್ಲಿ ಒಂದು. ಮಾವ ಮರಳಿನ ಮೇಲೆ ಓಡಾಡಿದ್ದು ನೀರಿನ ಮೇಲೆ ಓಡಾಡಿದ ಹಾಗಿತ್ತು. ಕೆಂಪಣ್ಣ ಒಂದು ಕಡೆ ಬೀಸಿದರೆ ಅವನು ಇನ್ನೊಂದು ಕಡೆ ಇರುತ್ತಿದ್ದ. ಟಪ್ ಟಪ್ ಎಂದು ಎಡಗೈ ಹೋಗಿ ಬರುತ್ತಿತ್ತು. ಪೈಲ್ವಾನರ ಮೂಗಿನಲ್ಲಿ ರಕ್ತ ಕಂಡಿತು. ಆದರೆ ಜನಕ್ಕೆ ರುಚಿಸಲಿಲ್ಲ.

"ಏನ್ಲಾ ಇದು, ಸೊಳ್ಳೆ ಒಡ್ದಂಗೆ ಒಡಿತಾನೆ!"

"ಕುಣಿಯಾಕ್ ಬಂದಿದ್ದಾನಾ, ಕುಸ್ತಿಗ್ ಬಂದಿದ್ದಾನಾ?"

ಎರಡನೆಯ ರೌಂಡಿನಲ್ಲಿ ಕೆಂಪಣ್ಣ ತಾಳ್ಮೆ ಕಳೆದುಕೊಂಡು ಬಲಗೈಯನ್ನು ದೂರದಿಂದ, ಕುಡುಗೋಲು ಬೀಸಿದಂತೆ ಬೀಸಿದರು. ಆ ಏಟು ಬರುವುದು ಎಲ್ಲರಿಗೂ ಕಂಡಿತು. ಪುರಿ ಮಾರುವವನಿಗೂ ಕಂಡಿತು. "ಮಾವಾ!" ಎಂದು ಶಿವು ಕೂಗಿದ. ಅವ್ವ ಈ ಕಡೆ ತಿರುಗಿದಳು. ಮಾವ ಅಲ್ಲಾಡಲಿಲ್ಲ. ಏಟು ಅವನ ಎಡ ಕಣ್ಣಿನ ಪಕ್ಕಕ್ಕೆ ಬಿತ್ತು, ಅವನು ಮರಳಿಗೆ ಬಿದ್ದ. ಎದ್ದ. ಮತ್ತೆ ಅದೇ ಬಲಗೈ, ಅದೇ ಕಡೆ. ಮತ್ತೆ ಬಿದ್ದು, ಮತ್ತೆ ಎದ್ದ.

ನಾನು ಹಿತ್ತಲಿನಲ್ಲಿ ಬೀಸುತ್ತಿದ್ದದ್ದು ಅದೇ ಏಟು. ಹತ್ತಕ್ಕೆ ಹತ್ತು ಸಲ ತಾಗುತ್ತಿದ್ದದ್ದು ಅದೇ ಜಾಗ. ಮಾವನಿಗೆ ಆ ಕಡೆ ಕಾಣುತ್ತಿರಲಿಲ್ಲ.

ಮೂರನೆಯ ರೌಂಡು ಅರ್ಧವಾಗಿತ್ತು. ಕೆಂಪಣ್ಣ ಕೈ ಬೀಸುವುದನ್ನು ಬಿಟ್ಟು, ಬಾಲ್ಯದಿಂದ ಕಲಿತದ್ದನ್ನೇ ಮಾಡಿದರು. ಮಾವನ ಸೊಂಟಕ್ಕೆ ಎರಡೂ ಕೈ ಹಾಕಿ, ಮೇಲಕ್ಕೆತ್ತಿ, ನೆಲಕ್ಕೆ ಕುಕ್ಕಿದರು. ಜನ ಹುಚ್ಚೆದ್ದು ಕೂಗಿದರು. ಟವೆಲುಗಳು ಗಾಳಿಗೆ ಹಾರಿದವು.

"ಪೌಲು," ಎಂದ ಮಾವ, ಬಾಯಿಯ ಮರಳು ಉಗಿದು. "ಅದು ಪೌಲು ಕಣ್ರೀ. ಎತ್ತಂಗಿಲ್ಲ."

ಹೋಟೆಲ್ ಯಜಮಾನರು ಬಗ್ಗಿ, "ಏನಂದ್ಯಪ್ಪಾ? ನೀರಾ?" ಎಂದು ಕೇಳಿದರು.

ಆ ಮಾತು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಜನ ಕೆಂಪಣ್ಣನವರನ್ನು ಹೆಗಲ ಮೇಲೆ ಹೊತ್ತು ಪೇಟೆಯ ಕಡೆ ನಡೆದರು. ಹಗ್ಗದೊಳಗೆ ನಾವಷ್ಟೇ ಉಳಿದೆವು. ಅವ್ವ ಮೆಟ್ಟಿಲಿಳಿದು ಬಂದು ತಮ್ಮನ ಮುಂದೆ ಮರಳಿನಲ್ಲಿ ಕೂತಳು. ಸೆರಗಿನಿಂದ ಅವನ ಮುಖ ಒರೆಸಿದಳು. ಆಮೇಲೆ ಅವನ ಬಲಗಣ್ಣನ್ನು ಅಂಗೈಯಿಂದ ಮುಚ್ಚಿ, ಇನ್ನೊಂದು ಕೈಯ ಬೆರಳು ಎತ್ತಿ ಹಿಡಿದಳು.

"ಎಷ್ಟು ಬೆಟ್ಟು ಏಳು."

ಮಾವ ಅವಳ ಕೈ ಸರಿಸಲು ನೋಡಿದ.

"ಎಷ್ಟು ಅಂತ ಏಳು ಮಾದೇವ."

"ಕಾಣ್ದು ಕಣಕ್ಕ."

ಬಸ್ಸಿನಲ್ಲಿ ನಿಧಾನವಾಗಿ ಬಾಯಿ ಬಿಟ್ಟ. ಎರಡು ವರ್ಷದ ಹಿಂದೆ ಒಂದು ಪಂದ್ಯದಲ್ಲಿ ಆ ಕಣ್ಣಿಗೆ ಪೆಟ್ಟಾಗಿತ್ತು. ಮಿಲಿಟರಿ ಡಾಕ್ಟರರು ನೋಡಿ, ಇನ್ನು ಕೆಲಸಕ್ಕಾಗುವುದಿಲ್ಲ ಎಂದು ಬೋರ್ಡ್ ಔಟ್ ಮಾಡಿ ಮನೆಗೆ ಕಳಿಸಿದ್ದರು. "ಬೋರ್ಡ್ ಔಟ್ ಅಂತ ಊರಲ್ ಏಳುದ್ರೆ, ಏನೋ ತಪ್ ಮಾಡ್ ಬಂದವ್ನೆ ಅಂತಾರೆ," ಎಂದ. ಅವ್ವ ಅವನ ಕೈ ಹಿಡಿದುಕೊಂಡು ಕಿಟಕಿಯ ಕಡೆ ನೋಡುತ್ತ ಕೂತಿದ್ದಳು. ಮರುದಿನ ಅಪ್ಪ ಅವನನ್ನು ಮೈಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದ. ಆ ಕಣ್ಣು ಹೋಗಿ ಬಹಳ ದಿನವಾಗಿದೆ, ತಲೆಗೆ ಇನ್ನೊಂದು ಪೆಟ್ಟು ಬಿದ್ದರೆ ಇರುವ ಕಣ್ಣಿಗೂ ಅಪಾಯ ಎಂದರಂತೆ ಡಾಕ್ಟರು.

ವಾರದೊಳಗೆ ಒಂದು ಮಧ್ಯಾಹ್ನ ನಮ್ಮ ಬಾಗಿಲಿಗೆ ಕೆಂಪಣ್ಣನವರು ಬಂದು ನಿಂತರು. ಕೈಯಲ್ಲಿ ರಸಬಾಳೆ ಗೊನೆ. ಅದರ ಘಮ ಅವರಿಗಿಂತ ಮೊದಲು ಒಳಗೆ ಬಂತು. ವಿಷಯ ಅವರಿಗೆ ಹೇಗೋ ಗೊತ್ತಾಗಿತ್ತು. ಒಳಗೆ ಬರಲಿಲ್ಲ, ಜಗಲಿಯ ಮೇಲೆ ಕೂತು ತಲೆ ತಗ್ಗಿಸಿದರು.

"ಯಾಕಪ್ಪಾ ಏಳ್ನಿಲ್ಲ ನೀನು? ಕಣ್ ಕಾಣ್ದೋನ್ ಮ್ಯಾಲೆ ಕೈ ಮಾಡ್ದೋನು ಅನ್ನಿಸ್ಬುಟ್ಟಲ್ಲ ನನ್ನ. ಗರಡೀಲಿ ದೇವ್ರಿಗೆ ಎಂಗ್ ಕೈ ಮುಗೀಲಿ?"

"ಏಳಿದ್ರೆ ನೀವ್ ಬತ್ತಿದ್ರಾ?" ಎಂದ ಮಾವ.

"ಎಲ್ ಬತ್ತಿದ್ದೆ!"

"ಅದ್ಕೇ ಏಳ್ನಿಲ್ಲ."

ಆಮೇಲೆ ಕೆಂಪಣ್ಣ ಮೂಗು ಮುಟ್ಟಿಕೊಂಡು, "ಆದ್ರೂ ಆ ಎಡಗೈ ಎಲ್ಲಿಂದ ಬತ್ತಿತ್ತು ಅಂತ ನಂಗ್ ಇನ್ನೂ ತಿಳೀನಿಲ್ಲ ಕಣಪ್ಪ," ಎಂದರು. ಮಾವ ನಕ್ಕುಬಿಟ್ಟ. ಸಂಜೆಯವರೆಗೆ ಹಿತ್ತಲಿನಲ್ಲಿ ಆ ಎಡಗೈಯ ಪಾಠ ನಡೆಯಿತು. ಕೆಂಪಣ್ಣನವರ ಒಂದೇ ಏಟಿಗೆ ಚೀಲ ಕೊಂಬೆಯ ಸಮೇತ ಕೆಳಗೆ ಬಂತು. ಅವ್ವ ಅವರಿಗೆಂದು ಬೇರೆಯಾಗಿಯೇ ಮುದ್ದೆಗೆ ಹಿಟ್ಟು ತೊಳಸಬೇಕಾಯಿತು.

ಮೇ ಕೊನೆ ಬಂತು. ಚಿನ್ನದಣ್ಣನ ಪಂದ್ಯ ಅಲ್ಲಿ ರಾತ್ರಿ, ನಮಗೆ ಬೆಳಗ್ಗೆ. ಸೋಸಲೆಯಲ್ಲಿ ಆಚಾರ್ ಮೇಷ್ಟರ ಮನೆಯಲ್ಲಿ ವಿದೇಶದ ಸ್ಟೇಷನ್ನುಗಳೂ ಸಿಕ್ಕುವ ದೊಡ್ಡ ರೇಡಿಯೋ ಇತ್ತು. ಮಾವನಿಗೆ ಪ್ರೈಮರಿಯಲ್ಲಿ ಪಾಠ ಹೇಳಿದ್ದವರು, ಆಗ ನಿವೃತ್ತರಾಗಿದ್ದರು. ನಾನು, ಶಿವು, ಮಾವ ಮೊದಲ ಬಸ್ಸಿನಲ್ಲಿ ಹೋದೆವು. ಕೆಂಪಣ್ಣನವರು ಹಿಂದಿನ ದಿನವೇ ನರಸೀಪುರಕ್ಕೆ ಬಂದು ನೆಂಟರ ಮನೆಯಲ್ಲಿ ಇಳಿದುಕೊಂಡಿದ್ದವರು ನಮಗಿಂತ ಮೊದಲೇ ಜಗಲಿಯ ಮೇಲಿದ್ದರು.

ಮೇಷ್ಟರು ಆಗ ತಾನೇ ಸ್ನಾನ ಮುಗಿಸಿ ಗೋಪಿಚಂದನ ಹಚ್ಚಿದ್ದರು. ಒಳಗಿನಿಂದ ಕಾಫಿ ಡಿಕಾಕ್ಷನ್ನಿನ ವಾಸನೆ. ರೇಡಿಯೋವನ್ನು ಕಿಟಕಿಯಲ್ಲಿಟ್ಟು ಮುಳ್ಳು ತಿರುಗಿಸಿದರು. ಕೊರ್ ಕೊರ್ ಎನ್ನುವ ಸದ್ದಿನ ನಡುವೆ ಒಬ್ಬ ಉಸಿರು ಬಿಡದೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದ. ಹಿಂದೆ ಸಮುದ್ರದಂತೆ ಜನರ ಮೊರೆತ.

"ಏಳನೇ ರೌಂಡಂತೆ ಕಣೋ ಮಹದೇವ," ಎಂದರು ಮೇಷ್ಟರು. "ನಿನ್ನವನು ಹಗ್ಗಕ್ಕೆ ಒರಗಿದಾನಂತೆ. ಆ ಚಿಕ್ಕ ಹುಡುಗ ಬಿಡ್ತಾ ಇಲ್ವಂತೆ. ಛೆ ಛೆ, ಇದೆಂಥ ಆಟವೋ ನಿಮ್ಮದು."

ಮಾವ ನಿಂತಿದ್ದ. ಅವನ ಭುಜಗಳು ತಮ್ಮಷ್ಟಕ್ಕೇ ಅಲ್ಲಾಡುತ್ತಿದ್ದವು. "ಪಕ್ಕಕ್ ಓಗು, ಪಕ್ಕಕ್ ಓಗು," ಎಂದು ರೇಡಿಯೋಗೆ ಹೇಳುತ್ತಿದ್ದ.

"ಬಿದ್ದನಂತೆ," ಎಂದರು ಮೇಷ್ಟರು. ಸದ್ದು ಹೋಯಿತು. ಮುಳ್ಳು ತಿರುಗಿಸಿದರು. ಬಂತು. "ಇಲ್ಲ, ಎದ್ದಿದಾನಂತೆ. ಎಂಟನೇ ರೌಂಡು. ಇರು, ಇರು. ಅದೇನೋ... ಟವೆಲ್ ಎಸೆದರಂತೆ ಒಳಗೆ. ಅವನ ಕಡೆಯವರೇ. ಬೆವರು ಒರೆಸಿಕೊಳ್ಳೋಕಿರಬೇಕು."

ಮಾವನ ಭುಜ ನಿಂತುಹೋಯಿತು.

"ಅಲ್ಲ ಸಾ. ಮುಗೀತು ಅಂತ ಅದು."

"ಏನ್ ಅಂಗಂದ್ರೆ?" ಎಂದು ಕೆಂಪಣ್ಣ ಕೇಳಿದರು.

"ಆಡೋನ್ ಕಡೆಯೋರೇ ಟವೆಲ್ ಎಸುದ್ರೆ, ಸಾಕು ಬುಡಿ, ಸೋತೋ ಅಂತ ಅರ್ಥ." ಮಾವನ ದನಿ ಏರಿತು. "ಅವ್ನು ನಿಂತಿದ್ದ! ಎದ್ದು ನಿಂತಿದ್ದ! ಇನ್ನೂ ನಿಂತಿರೋನ್ನ ಸಾಕು ಅನ್ನಾಕೆ ಅವ್ರ್ಯಾರು?"

ಅವನು ಜಗಲಿ ಇಳಿದು ಬೀದಿಗೆ ಹೋದ, ಮತ್ತೆ ಬಂದ, ಮತ್ತೆ ಹೋದ. ರೇಡಿಯೋದಲ್ಲಿ ಜನ ಕೂಗುತ್ತಲೇ ಇದ್ದರು. ಕೆಂಪಣ್ಣ ತಮ್ಮ ದೊಡ್ಡ ಕೈಗಳನ್ನು ಮಂಡಿಯ ಮೇಲಿಟ್ಟುಕೊಂಡು, ನಿಧಾನವಾಗಿ ಹೇಳಿದರು: "ಅಂಗನ್ಬೇಡ ಕಣಪ್ಪ. ಸಾಕು ಅನ್ನೋರು ಇದ್ರಲ್ಲ ಅವ್ನಿಗೆ. ನನ್ ಮಗ್ಗುಲಲ್ಲಿ ನಿಂತು ಯಾರೂ ಅಂಗನ್ನಲಿಲ್ಲ. ಮೂಳೆ 'ಟಕ್' ಅಂದ್ಮೇಲೇ ಗೊತ್ತಾಗೋದು ನಮ್ಗೆ." ಮಾವ ಬಂದು ಅವರ ಪಕ್ಕದಲ್ಲಿ ಕೂತ. ಎರಡೂ ಕಾಲು ನೆಲಕ್ಕೂರಿ, ಬೆನ್ನು ಗೋಡೆಗೊರಗಿಸಿ ಕೂತ. ಅವನು ಹಾಗೆ ಕೂತದ್ದನ್ನು ನಾನು ಅವತ್ತೇ ನೋಡಿದ್ದು. ಮೇಷ್ಟರು ರೇಡಿಯೋ ಆರಿಸಿ ಒಳಗಿನಿಂದ ನಮಗೆಲ್ಲ ಕಾಫಿ ತರಿಸಿದರು.

ಮಧ್ಯಾಹ್ನ ಊರಿನ ಹತ್ತಿರ ಬಸ್ಸಿಳಿದು ಏರಿಯ ಮೇಲೆ ಬರುತ್ತಿದ್ದೆವು. ಶಿವು ಮುಂದೆ ಓಡಿದ್ದ. ನನ್ನ ಮನಸ್ಸಿನಲ್ಲಿ ದಿನಗಟ್ಟಲೆಯಿಂದ ಕೊರೆಯುತ್ತಿದ್ದದ್ದನ್ನು ಕೇಳಿಯೇ ಬಿಟ್ಟೆ.

"ಮಾವ, ನನ್ ಬಲಗೈ ಏಟು ತಾಗ್ತಿದ್ದುದ್ದು ನಿಂಗ್ ಕಾಣ್ದೆ ಇದ್ದುದ್ಕಾ?"

ಅವನು ನಿಂತ. ಸುಳ್ಳು ಹೇಳಬಹುದಿತ್ತು.

"ಮೊದಮೊದ್ಲು ಅದ್ಕೇ. ಆಮೇಲೆ ನೀನ್ ಬತ್ತೀಯ ಅಂತ ತಿಳ್ಕಂಡೂ ತಪ್ಪಿಸ್ಕಳಾಕ್ ಆಗ್ತಿರ್ನಿಲ್ಲ ಕಣವ್ವ. ನೀನ್ ಜೋರಾಗ್ ಒಡೀತಿದ್ದೆ."

ಶಾಲೆ ಶುರುವಾಗುವ ಮೊದಲೇ ಅವನು ಹೊರಟ. ಹಳೆಯ ಅಧಿಕಾರಿಯೊಬ್ಬರು ಉತ್ತರದ ಒಂದು ದಂಡಿನ ಊರಿನಲ್ಲಿ ಹುಡುಗರಿಗೆ ಬಾಕ್ಸಿಂಗ್ ಕಲಿಸಲು ಕರೆದಿದ್ದರು. ಅವ್ವ ತಡೆಯಲಿಲ್ಲ. ಬುತ್ತಿಗೆ ರೊಟ್ಟಿ ಚಟ್ನಿಪುಡಿ ಕಟ್ಟಿಕೊಟ್ಟು, "ಕಲಿಸು. ನೀನ್ ಮಾತ್ರ ಒಳೀಕೆ ಇಳೀಬೇಡ," ಎಂದಳು. ಮಾವ ಅವಳ ಕಾಲು ಮುಟ್ಟಿ ಬಸ್ಸು ಹತ್ತಿದ. ಮಾರನೇ ದಿನ ಅವ್ವ ಚೀಲದ ಬಾಯಿ ಬಿಚ್ಚಿ, ಹೊಟ್ಟನ್ನು ಒಲೆಗೆ ಹಾಕಿ, ಗೋಣಿಯನ್ನು ಒಗೆದು ಒಣಗಿಸಿದಳು. ನಾನು ಆರನೇ ಕ್ಲಾಸಿಗೆ ಹೋದೆ. ಏರಿಯ ಮೇಲೆ ಒಂದೆರಡು ದಿನ ಒಬ್ಬಳೇ ಓಡಿದೆ. ಬೆಳೆಯುತ್ತಿರುವ ಹುಡುಗಿ ಹಾಗೆ ಓಡಬಾರದೆಂದು ಯಾರೋ ಅಪ್ಪನಿಗೆ ಹೇಳಿದರು, ಅಲ್ಲಿಗೆ ಅದೂ ನಿಂತಿತು.

ಮಾವ ಅಲ್ಲೇ ಮದುವೆಯಾದ, ಅಲ್ಲೇ ನೆಲೆ ನಿಂತ. ಎರಡು ಮೂರು ವರ್ಷಕ್ಕೊಮ್ಮೆ ಬಂದು ಹೋಗುತ್ತಿದ್ದ. ಬಂದಾಗ ಚಿನ್ನದಣ್ಣನ ಮಾತು ಎತ್ತುತ್ತಿರಲಿಲ್ಲ, ತನ್ನ ಹುಡುಗರ ಮಾತಾಡುತ್ತಿದ್ದ. ಅವನು ತೀರಿಕೊಂಡ ಸುದ್ದಿ ಬಂದಾಗ ನಾನೂ ಶಿವುವೂ ರೈಲು ಹತ್ತಿ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವನ ಮನೆಯ ಮುಂದೆ ಚಪ್ಪಟೆ ಮೂಗಿನ ಗಂಡಸರು ಸಾಲಾಗಿ ಕೂತಿದ್ದರು, ಎಲ್ಲ ಅವನ ಶಿಷ್ಯರು. ಅವರಲ್ಲೊಬ್ಬ ನನಗೆ ಹಿಂದಿಯಲ್ಲಿ ಬಹಳ ಹೆಮ್ಮೆಯಿಂದ ಒಂದು ಕಥೆ ಹೇಳಿದ. ನಮ್ಮ ಉಸ್ತಾದರು ಒಮ್ಮೆ ಒಬ್ಬ ದೊಡ್ಡ ಪೈಲ್ವಾನನ ಮೇಲೆ ನದಿಯ ಮರಳಿನಲ್ಲಿ ಆಡಿದ್ದರು, ಮೂರು ರೌಂಡು, ಪೂರ್ತಿ ಸೋತರು, ಆಮೇಲೆ ಆತ ಬಾಳೆಹಣ್ಣು ತಂದುಕೊಟ್ಟ, ಅಂಥ ಬಾಳೆಹಣ್ಣನ್ನು ಮತ್ತೆ ಎಲ್ಲೂ ತಿನ್ನಲಿಲ್ಲ ಎನ್ನುತ್ತಿದ್ದರು, ಎಂದ. ಒಲಿಂಪಿಕ್ಸಿನವನ ಕಥೆ ಅವನಿಗೆ ಗೊತ್ತೇ ಇರಲಿಲ್ಲ.

ಈಗ ಹೆಮ್ಮಿಗೆಯ ಹೊಳೆಯಲ್ಲಿ ನಾವು ಓಡಿದ ಮರಳಿಲ್ಲ, ಲಾರಿಗಳು ಹೊತ್ತು ಮುಗಿಸಿವೆ. ಸೋಸಲೆಯ ಜಗಲಿ ಇಲ್ಲ, ಕೆಂಪಣ್ಣನವರಿಲ್ಲ, ಅವ್ವನೂ ಇಲ್ಲ. ಇವೆಲ್ಲ ಎಲ್ಲರ ಊರಿನಲ್ಲೂ ಹೋಗಿವೆ, ನಿಮ್ಮ ಊರಿನಲ್ಲೂ. ನನ್ನ ಲೆಕ್ಕದಲ್ಲಿ ಹೋದದ್ದು ಬೇರೆ. ನಂಜನಗೂಡಿನ ಒಂದು ಆಫೀಸಿನಲ್ಲಿ ಟೈಪಿಸ್ಟಾಗಿ ಸೇರಿ, ಅಲ್ಲೇ ನಿವೃತ್ತಳಾದೆ. ಶಾಲೆಯ ದಿನದಿಂದ ಅಲ್ಲಿಯವರೆಗೆ ಮೇಷ್ಟರು, ಅತ್ತೆ, ಗಂಡ, ಸಾಹೇಬರು ಎಲ್ಲರೂ ನನಗೆ ಹೇಳಿದ್ದು ಒಂದೇ. ಮೆಲ್ಲಗೆ ನಡಿ. ಮೆಲ್ಲಗೆ ಮಾತಾಡು. ಮೆಲ್ಲಗೆ ನಗು. ಹೇಳಿದವರೆಲ್ಲ ಒಳ್ಳೆಯವರೇ. ನಾನೂ ಮೆಲ್ಲಗೇ ಬದುಕಿದೆ. ಜೋರಾಗಿ ಎಂದವನು ಮಾವನೊಬ್ಬನೇ.